ಪರದೇಶದವನನ್ನು ಸುಲಿದರೆ ಪಾಪವಿಲ್ಲವೇ?

2013ರ ಜುಲೈ 30ರಂದು ರಷ್ಯಾದ ಉರಲ್‌ಕಲಿ ಕಂಪನಿ ಒಂದು ಸಂಸಾರ ಮುರಿದುಕೊಂಡಿತು. ನೆರೆಯ ಬೆಲಾರೂಸಿನ ಸರ್ಕಾರಿ ಗಣಿ ಕಂಪನಿಯ ಜೊತೆಗೂಡಿ ಅದು ನಡೆಸುತ್ತಿದ್ದ ಪೊಟ್ಯಾಷ್ ಮಾರಾಟದ ಕೂಟ ಅಂದಿಗೆ ಮುಗಿಯಿತು. ಇನ್ನು ಬೆಲೆ ಕಾಯ್ದುಕೊಂಡು ಕೂರುವುದಿಲ್ಲ, ತೆಗೆಯಲು ಆದಷ್ಟನ್ನೂ ತೆಗೆದು ಮಾರುತ್ತೇವೆ ಎಂಬುದು ಉರಲ್‌ಕಲಿಯ ನಿಲುವಾಗಿತ್ತು. ಜಗತ್ತಿನ ಗೊಬ್ಬರ ಕಂಪನಿಗಳ ಷೇರುಗಳು ಆ ದಿನವೇ ನೆಲಕಚ್ಚಿದವು. ನಾಲ್ಕು ವಾರ ತುಂಬುವುದರೊಳಗೆ, ಮಾತುಕತೆಗೆಂದು ಮಿನ್ಸ್ಕ್‌ಗೆ ಹೋದ ಉರಲ್‌ಕಲಿಯ ಮುಖ್ಯಸ್ಥ ವ್ಲಾಡಿಸ್ಲಾವ್ ಬೌಮ್‌ಗರ್ಟ್ನರ್ ಅಲ್ಲಿ ಬಂಧನಕ್ಕೊಳಗಾದರು. ಕೂಟ ಕಟ್ಟಿದ್ದಕ್ಕಲ್ಲ, ಮುರಿದದ್ದಕ್ಕೆ.

ಈ ಜಗಳ ಮಂಡ್ಯದ ಕಬ್ಬಿನ ಗದ್ದೆಗೂ ಕೊಡಗಿನ ಕಾಫಿ ತೋಟಕ್ಕೂ ಸಂಬಂಧಪಟ್ಟದ್ದು. ಭಾರತ ತನಗೆ ಬೇಕಾದ ಪೊಟ್ಯಾಷ್ ಗೊಬ್ಬರವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಹೊರಗಿನಿಂದ ತರಿಸಿಕೊಳ್ಳುತ್ತದೆ. 2013ರ ಆರಂಭದಲ್ಲಿ ಭಾರತೀಯ ಆಮದುದಾರರು ಟನ್ನಿಗೆ 427 ಡಾಲರಿನಂತೆ ಒಪ್ಪಂದ ಮಾಡಿಕೊಂಡಿದ್ದರು. ಕೂಟ ಒಡೆದ ಮರುವರ್ಷ ಅದೇ ಗೊಬ್ಬರ 322 ಡಾಲರಿಗೆ ಬಂತು. ಗಣಿಯ ಆಳ ಬದಲಾಗಿರಲಿಲ್ಲ, ಕೂಲಿ ಇಳಿದಿರಲಿಲ್ಲ, ಸಮುದ್ರದ ದಾರಿ ಹತ್ತಿರವಾಗಿರಲಿಲ್ಲ. ಇಬ್ಬರು ಮಾರಾಟಗಾರರ ನಡುವಿನ ಮಾತು ಮುರಿದಿತ್ತು, ಅಷ್ಟೆ. ಅದಕ್ಕೂ ಮುಂಚೆ, 2010ರವರೆಗೆ ಟನ್ನಿಗೆ 4,455 ರೂಪಾಯಿ ಇದ್ದ ಪೊಟ್ಯಾಷ್ ಬೆಲೆ 2012–13ರ ಹೊತ್ತಿಗೆ ನಮ್ಮ ರೈತರ ಕೈಗೆ 16 ಸಾವಿರ ದಾಟಿ ಬಂದಿತ್ತು. ಸಬ್ಸಿಡಿ ನೀತಿ ಬದಲಾದದ್ದು, ರೂಪಾಯಿ ಕುಸಿದದ್ದು ಅದಕ್ಕೆ ದೊಡ್ಡ ಕಾರಣಗಳು, ನಿಜ. ಆದರೆ ಜಗತ್ತಿನ ಪೊಟ್ಯಾಷ್ ವ್ಯಾಪಾರದ ಮೂರರಲ್ಲಿ ಎರಡು ಪಾಲು ಎರಡೇ ಕೂಟಗಳ ಕೈಯಲ್ಲಿತ್ತೆಂಬುದೂ ಅಷ್ಟೇ ನಿಜ. ಒಂದು ಈ ರಷ್ಯಾ–ಬೆಲಾರೂಸ್ ಜೋಡಿ. ಇನ್ನೊಂದು ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಗಣಿ ಕಂಪನಿಗಳು ಕಟ್ಟಿಕೊಂಡ ಕ್ಯಾನ್‌ಪೊಟೆಕ್ಸ್.

ಕ್ಯಾನ್‌ಪೊಟೆಕ್ಸಿನ ಒಂದು ವಿಶೇಷ ಗಮನಿಸಬೇಕು. ಅದು ಕೆನಡಾದಲ್ಲಿ ಮಾರುವುದಿಲ್ಲ, ಅಮೆರಿಕದಲ್ಲೂ ಮಾರುವುದಿಲ್ಲ. ಅಲ್ಲಿ ಅದರ ಒಡೆಯ ಕಂಪನಿಗಳು ಒಬ್ಬರ ಮೇಲೊಬ್ಬರು ಪೈಪೋಟಿಗೆ ನಿಲ್ಲಬೇಕು. ಒಟ್ಟಾಗಿ ಕೂತು ಬೆಲೆ ಮಾತಾಡಿದರೆ ಜೈಲು. ಭಾರತ, ಚೀನಾ, ಬ್ರೆಜಿಲ್ ಎಂದಾಗ ಮಾತ್ರ ಅವರೆಲ್ಲ ಒಂದೇ ಅಂಗಡಿ. ಕೆನಡಾದ ಸ್ಪರ್ಧಾ ಕಾಯ್ದೆ ಇದಕ್ಕೆ ಅಡ್ಡ ಬರುವುದಿಲ್ಲ, ರಫ್ತಿಗೆ ಮಾತ್ರ ಸಂಬಂಧಿಸಿದ ಒಪ್ಪಂದಗಳಿಗೆ ಅಲ್ಲಿ ವಿನಾಯಿತಿ ಇದೆ.

ಅರ್ಥಶಾಸ್ತ್ರಜ್ಞರು ಇಲ್ಲಿ ಬೆಲೆಯ ಲೆಕ್ಕ ಕೇಳುತ್ತಾರೆ, ವಕೀಲರು ಅಧಿಕಾರ ವ್ಯಾಪ್ತಿಯ ಲೆಕ್ಕ ಕೇಳುತ್ತಾರೆ. ಎರಡಕ್ಕಿಂತಲೂ ಹಳೆಯ ಪ್ರಶ್ನೆಯೊಂದು ಅವುಗಳ ಕೆಳಗಿದೆ. ನಮ್ಮವನಿಗೆ ಮಾಡಿದರೆ ಅನ್ಯಾಯವೆನಿಸುವ ಕೆಲಸ ಪರನಾಡಿನವನಿಗೆ ಮಾಡಿದಾಗ ನ್ಯಾಯವಾಗುವುದು ಹೇಗೆ?

ಈ ಪ್ರಶ್ನೆಯನ್ನು ಕಾನೂನಿಗಿಂತ ಮೊದಲು ಎದುರಿಸಿದ್ದು ಧರ್ಮ, ಅದೂ ಬಡ್ಡಿಯ ವಿಷಯದಲ್ಲಿ. ಬೈಬಲಿನ ಧರ್ಮೋಪದೇಶಕಾಂಡದ 23ನೇ ಅಧ್ಯಾಯ ಸೋದರನಿಗೆ ಕೊಟ್ಟ ಸಾಲದ ಮೇಲೆ ಬಡ್ಡಿ ಕೂಡದೆನ್ನುತ್ತದೆ, ಪರದೇಶದವನಿಂದ ಪಡೆಯಬಹುದೆನ್ನುತ್ತದೆ. ವ್ಯಾಖ್ಯಾನಕಾರರು ಇದಕ್ಕೆ ಸಮಾಧಾನ ಕೊಟ್ಟಿದ್ದಾರೆ: ಸೋದರನ ಸಾಲ ಹಸಿವಿನ ಸಾಲ, ಊರೂರು ತಿರುಗುವ ವ್ಯಾಪಾರಿಯದು ಬಂಡವಾಳದ ಸಾಲ. ಲಾಭ ಮಾಡುವವನಿಂದ ಪಾಲು ಕೇಳುವುದರಲ್ಲಿ ತಪ್ಪೇನು? ತಮ್ಮ ನಡುವೆ ನೆಲೆಸಿದ ಪರಕೀಯನನ್ನು ಪ್ರೀತಿಸಬೇಕೆಂದೂ ಅದೇ ಕಾಂಡ ಹೇಳುತ್ತದಾದ್ದರಿಂದ ಈ ಸಮಾಧಾನ ಪೂರ್ತಿ ಪೊಳ್ಳಲ್ಲ. ಆದರೆ ಓದಿದವರೆಲ್ಲ ಇಷ್ಟು ಮೃದುವಾಗಿ ಓದಲಿಲ್ಲ. ನಾಲ್ಕನೇ ಶತಮಾನದ ಮಿಲಾನಿನ ಬಿಷಪ್ ಆಂಬ್ರೋಸ್ ಪ್ರಕಾರ ಯಾರ ಮೇಲೆ ಯುದ್ಧ ಮಾಡಲು ಹಕ್ಕಿದೆಯೋ ಅವರಿಂದ ಬಡ್ಡಿ ತೆಗೆಯಲೂ ಹಕ್ಕಿದೆ. ಬಡ್ಡಿ ಇಲ್ಲಿ ಬಹಿರಂಗವಾಗಿಯೇ ಒಂದು ಆಯುಧ. ಇಸ್ಲಾಮಿನ ನ್ಯಾಯಶಾಸ್ತ್ರದಲ್ಲೂ ಇದೇ ತಕರಾರು ಎದ್ದಿತು. ಮುಸ್ಲಿಂ ಆಳ್ವಿಕೆಗೆ ಒಳಪಡದ ನಾಡಿನಲ್ಲಿ ಅಲ್ಲಿನವರೊಡನೆ ಬಡ್ಡಿಯ ವ್ಯವಹಾರಕ್ಕೆ ಇಮಾಮ್ ಅಬು ಹನೀಫಾ ಅವಕಾಶ ಕೊಟ್ಟರು. ಅವರ ಶಿಷ್ಯ ಅಬು ಯೂಸುಫ್ ಒಪ್ಪಲಿಲ್ಲ. ಗಡಿ ದಾಟಿದ ಮಾತ್ರಕ್ಕೆ ನಿಷಿದ್ಧವಾದದ್ದು ನಿಷಿದ್ಧವಾಗದೆ ಹೋಗದು ಎಂಬುದು ಅಬು ಯೂಸುಫರ ವಾದದ ದಾರಿ. ಗುರುಶಿಷ್ಯರ ಈ ಭಿನ್ನಾಭಿಪ್ರಾಯ ಇಂದಿನ ಸ್ಪರ್ಧಾ ಕಾನೂನಿನ ತರಗತಿಯಲ್ಲಿ ಪಾಠವಾಗಬೇಕಿತ್ತು.

ಹಾಗೆಂದು ಇದು ಪಡುವಣದ ಧರ್ಮಗಳ ತೊಡಕು, ನಮ್ಮದಲ್ಲ ಎಂದು ಬೆನ್ನು ತಟ್ಟಿಕೊಳ್ಳುವಂತಿಲ್ಲ. ಮನುಸ್ಮೃತಿಯ ಎಂಟನೇ ಅಧ್ಯಾಯದಲ್ಲಿ ತಿಂಗಳ ಬಡ್ಡಿ ನೂರಕ್ಕೆ ಎರಡು, ಮೂರು, ನಾಲ್ಕು, ಐದು ಎಂದು ವರ್ಣದ ಕ್ರಮದಲ್ಲಿ ಏರುತ್ತದೆ. ಬಡವನಾದ ಶೂದ್ರ ಐದು ಕೊಡಬೇಕು, ಬ್ರಾಹ್ಮಣ ಎರಡು. ಪರಕೀಯನನ್ನು ಹುಡುಕಿಕೊಂಡು ಸಮುದ್ರ ದಾಟಬೇಕಾದ ಕಷ್ಟವೂ ಇಲ್ಲ, ಅವನನ್ನು ಊರೊಳಗೇ ಮಾಡಿಟ್ಟುಕೊಂಡ ವ್ಯವಸ್ಥೆ ಇದು.

ಅರ್ಥಶಾಸ್ತ್ರದ ದಾರಿ ಬೇರೆ. ಕೌಟಿಲ್ಯನ ಹೆಸರಿನ ಈ ಗ್ರಂಥ ಶತಮಾನಗಳ ಕಾಲ ಕಣ್ಮರೆಯಾಗಿದ್ದು, ಮೈಸೂರಿನ ಓರಿಯಂಟಲ್ ಲೈಬ್ರರಿಯ ತಾಳೆಗರಿಗಳಲ್ಲಿ ಆರ್. ಶಾಮಾಶಾಸ್ತ್ರಿಗಳ ಕಣ್ಣಿಗೆ ಬಿದ್ದು 1909ರಲ್ಲಿ ಅಚ್ಚಾಯಿತು. ಅಲ್ಲಿ ತಿಂಗಳ ಬಡ್ಡಿ ನೂರಕ್ಕೆ ಒಂದೂಕಾಲು ಪಣ, ವ್ಯಾಪಾರದ ಸಾಲಕ್ಕೆ ಐದು, ಕಾಡು ಹಾಯುವವರಿಗೆ ಹತ್ತು, ಕಡಲು ದಾಟುವವರಿಗೆ ಇಪ್ಪತ್ತು. ಸಾಲಗಾರ ಯಾರೆಂಬುದಕ್ಕಿಂತ ಸರಕು ಎಷ್ಟು ಅಪಾಯದ ಹಾದಿಯಲ್ಲಿ ಹೋಗುತ್ತದೆಂಬುದು ಮುಖ್ಯ. ವರ್ತಕರು ಒಳಸಂಚು ಮಾಡಿ ಸರಕು ಬಚ್ಚಿಟ್ಟರೆ ಅಥವಾ ಬೆಲೆ ಏರಿಸಿದರೆ ಸಾವಿರ ಪಣ ದಂಡ. ನಾಡಿನ ಸರಕಿಗೆ ನೂರಕ್ಕೆ ಐದು ಲಾಭ, ಹೊರನಾಡಿನ ಸರಕಿಗೆ ಹತ್ತು. ಹೊರಗಿನಿಂದ ಬಂದ ವರ್ತಕನನ್ನು ಹಣದ ವ್ಯಾಜ್ಯಗಳಿಂದ ಕಾಪಾಡುವ ಮಾತೂ ಉಂಟು. ಕೌಟಿಲ್ಯ ದಯಾಳುವಾಗಿದ್ದನೆಂದು ಇದನ್ನು ಓದಬೇಕಿಲ್ಲ. ಪರನಾಡಿನ ಸರಕು ಬಾರದಿದ್ದರೆ ಅರಸನ ಸುಂಕದ ಕಟ್ಟೆ ಬರಿದಾಗುತ್ತದೆ, ಅವನ ಚಿಂತೆ ಅದು. ಅಷ್ಟಾದರೂ, ಒಳಸಂಚು ಮಾಡಿದ ವರ್ತಕರನ್ನು ದಂಡಿಸುವಾಗ ಕೊಳ್ಳುವವನು ಯಾವ ನಾಡಿನವನೆಂದು ಅವನು ಕೇಳುವುದಿಲ್ಲ.

ಆ ಪ್ರಶ್ನೆ ಕೇಳಲು ಕಲಿತವರು ಇಪ್ಪತ್ತನೇ ಶತಮಾನದವರು. ಅಮೆರಿಕ 1890ರಲ್ಲಿ ಷೆರ್ಮನ್ ಕಾಯ್ದೆ ತಂದು ವ್ಯಾಪಾರಿಗಳ ಕೂಟಗಳನ್ನು ಅಪರಾಧವೆಂದು ಸಾರಿತು. ಇಂದು ಅಲ್ಲಿ ಬೆಲೆ ನಿಗದಿಯ ಒಳಸಂಚಿಗೆ ಹತ್ತು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಇದೇ ಅಮೆರಿಕ ಮೊದಲ ಮಹಾಯುದ್ಧದ ಕೊನೆಯ ವರ್ಷ, 1918ರ ಏಪ್ರಿಲ್‌ನಲ್ಲಿ ವೆಬ್–ಪೊಮರೀನ್ ಕಾಯ್ದೆ ಮಾಡಿತು. ಕೂಟ ರಫ್ತಿಗೆ ಮಾತ್ರ ಇದ್ದರೆ, ದೇಶದೊಳಗಿನ ಬೆಲೆ ಕೆಡಿಸದಿದ್ದರೆ, ಫೆಡರಲ್ ಟ್ರೇಡ್ ಕಮಿಷನ್ನಿನಲ್ಲಿ ಕಾಗದ ಸಲ್ಲಿಸಿ ಧಾರಾಳವಾಗಿ ನಡೆಸಬಹುದು. ಯುರೋಪಿನ ದೈತ್ಯ ಕೂಟಗಳ ಎದುರು ನಮ್ಮ ಸಣ್ಣ ರಫ್ತುದಾರ ಒಬ್ಬನೇ ನಿಲ್ಲಲಾರ ಎಂಬುದು ಆಗ ಕೊಟ್ಟ ಕಾರಣ. ಸುಳ್ಳು ಕಾರಣವೇನಲ್ಲ. ಆದರೆ ಆ ಯುರೋಪಿನ ಕೂಟಗಳು ಇಲ್ಲವಾದ ಮೇಲೂ ಕಾಯ್ದೆ ಉಳಿಯಿತು. 1982ರಲ್ಲಿ ಇನ್ನೊಂದು ಕಾನೂನು ಬಂದು, ಅಮೆರಿಕದ ಮಾರುಕಟ್ಟೆಯ ಮೇಲೆ ನೇರವಾದ, ಗಣನೀಯವಾದ, ಮುಂಗಾಣಬಹುದಾದ ಪರಿಣಾಮ ಆಗದ ಹೊರತು ರಫ್ತು ವ್ಯಾಪಾರಕ್ಕೆ ಷೆರ್ಮನ್ ಕಾಯ್ದೆ ತಾಕದು ಎಂದು ಬರೆದಿಟ್ಟಿತು. ಧರ್ಮೋಪದೇಶಕಾಂಡದ ಆ ವಾಕ್ಯಕ್ಕೆ ಇದಕ್ಕಿಂತ ನಿಷ್ಠಾವಂತ ಭಾಷ್ಯ ಬೇಕೆ?

ಮುಂಗಾಣಬಹುದಾದ ಪರಿಣಾಮ ಎಂಬ ಅಳತೆ ಕಾನೂನಿನ ಇನ್ನೊಂದು ಮೂಲೆಯಲ್ಲೂ ಇದೆ, ಅಲ್ಲಿ ಅದರ ದಾರಿ ಸ್ವಾರಸ್ಯದ್ದು. 1928ರಲ್ಲಿ ಸ್ಕಾಟ್ಲೆಂಡಿನ ಪೈಸ್ಲೆ ಪಟ್ಟಣದಲ್ಲಿ ಶುಂಠಿ ಬಿಯರಿನ ಬಾಟಲಿಯಲ್ಲಿ ಬಸವನಹುಳು ಕಂಡಿತೆಂದು ಮಹಿಳೆಯೊಬ್ಬರು ಹೂಡಿದ ಮೊಕದ್ದಮೆ ನಮ್ಮ ಲಾ ಕಾಲೇಜುಗಳಲ್ಲಿ ಓದಿದವರಿಗೆಲ್ಲ ಗೊತ್ತು. 1932ರಲ್ಲಿ ಲಾರ್ಡ್ ಆಟ್ಕಿನ್ ಅದರ ತೀರ್ಪು ಬರೆಯುವಾಗ ಲೂಕನ ಸುವಾರ್ತೆಯ ಸಮಾರ್ಯದವನ ಕಥೆಯತ್ತ ತಿರುಗಿದರು. ಆ ಕಥೆಯಲ್ಲಿ ತನ್ನ ನೆರೆಯವನು ಯಾರೆಂದು ಯೇಸುವನ್ನು ಕೇಳುವವನು ಒಬ್ಬ ಧರ್ಮಶಾಸ್ತ್ರಿ, ಅಂದರೆ ಆ ಕಾಲದ ವಕೀಲ. ಆಟ್ಕಿನ್ ಕೊಟ್ಟ ಉತ್ತರದ ತಿರುಳು ಇಷ್ಟು: ನನ್ನ ಕೆಲಸದಿಂದ ಯಾರಿಗೆ ಪೆಟ್ಟು ಬಿದ್ದೀತೆಂದು ನಾನು ಮೊದಲೇ ಊಹಿಸಬಲ್ಲೆನೋ ಅವರೆಲ್ಲ ಕಾನೂನಿನ ಕಣ್ಣಿಗೆ ನನ್ನ ನೆರೆಯವರು. ಮನೆ ಹತ್ತಿರವಿದೆಯೋ ದೂರವಿದೆಯೋ ಎಂಬುದು ಮುಖ್ಯವಲ್ಲ. ಸಸ್ಕಾಚೆವಾನಿನಲ್ಲಿ ಕೂತು ಭಾರತಕ್ಕೆಂದೇ ಬೆಲೆ ಕಟ್ಟುವ ಕೂಟಕ್ಕೆ ಭಾರತದ ರೈತನನ್ನು ಊಹಿಸಿಕೊಳ್ಳಲು ಎಷ್ಟು ಹೊತ್ತು ಬೇಕು? ಅವನಿಗೆ ತಟ್ಟಲೆಂದೇ ಕಟ್ಟಿದ ಬೆಲೆ ಅದು. ಸಮಾರ್ಯದವನ ಕಥೆಯನ್ನು ನೆನಪಿಸುವಂಥ ಅಳತೆಯನ್ನೇ ಕಡಲತೀರಕ್ಕೆ ತಂದು ನಿಲ್ಲಿಸಿದ್ದು ಅಮೆರಿಕದ ಶಾಸಕರ ಕೈಚಳಕ.

ನ್ಯಾಯಾಲಯಗಳೂ ಆ ತೀರ ದಾಟಲು ಹಿಂಜರಿದಿವೆ. 1990ರ ದಶಕದಲ್ಲಿ ರೋಶ್, ಬಿಎಎಸ್ಎಫ್ ಮೊದಲಾದ ಕಂಪನಿಗಳು ಸೇರಿ ಜಗತ್ತಿನಾದ್ಯಂತ ವಿಟಮಿನ್ ಬೆಲೆಯನ್ನು ಎತ್ತಿ ಹಿಡಿದವು. ಸಿಕ್ಕಿಬಿದ್ದಾಗ ರೋಶ್ ಒಂದೇ ಅಮೆರಿಕದಲ್ಲಿ 50 ಕೋಟಿ ಡಾಲರ್ ದಂಡ ಕಟ್ಟಿತು. ಹೊರದೇಶದ ಖರೀದಿದಾರರೂ ಪರಿಹಾರ ಕೇಳಿಕೊಂಡು ಅಮೆರಿಕದ ಕೋರ್ಟಿಗೆ ಹೋದರು. ಹೊರಗೆ ಆದ ನಷ್ಟ ಒಳಗಿನ ನಷ್ಟಕ್ಕಿಂತ ಬೇರೆಯಾಗಿದ್ದರೆ ಇಲ್ಲಿ ದಾವೆ ನಡೆಯದು ಎಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬೇರೆ ದೇಶಗಳ ಸಾರ್ವಭೌಮತ್ವಕ್ಕೆ ಮರ್ಯಾದೆ ಕೊಡಬೇಕು ಎಂಬುದು ಅದರ ವಿವರಣೆ. ಮಾತು ಗೌರವಯುತವಾದದ್ದೇ. ಆದರೆ ಅದೇ ಹೊತ್ತಿಗೆ ಚೀನಾದ ವಿಟಮಿನ್ ಸಿ ತಯಾರಕರು ಕೂಟ ಕಟ್ಟಿ ಅಮೆರಿಕದವರಿಗೇ ಬೆಲೆ ಏರಿಸಿದರೆಂದು 2005ರಲ್ಲಿ ದಾವೆ ಬಿತ್ತು. ಹಾಗೆ ಮಾಡಲು ನಾವೇ ಆಜ್ಞೆ ಕೊಟ್ಟಿದ್ದೆವು ಎಂದು ಚೀನಾ ಸರ್ಕಾರ ಅಮೆರಿಕದ ಕೋರ್ಟಿನೆದುರು ಬಂದು ಹೇಳಿತು. 2013ರಲ್ಲಿ ಸುಮಾರು 14.7 ಕೋಟಿ ಡಾಲರಿನ ತೀರ್ಪಾಗಿ, ಮೇಲ್ಮನವಿಗಳಲ್ಲಿ ಹೊರಳಾಡಿ, 2021ರಲ್ಲಿ ಪ್ರಕರಣ ವಜಾ ಆಯಿತು. ತನ್ನ 1918ರ ಕಾಯ್ದೆ ಬೇರೆಯವರ ಕೈಗೆ ಹೋದರೆ ಹೇಗಿರುತ್ತದೆಂದು ನೋಡಲು ಅಮೆರಿಕಕ್ಕೆ ಹದಿನಾರು ವರ್ಷ ಸಿಕ್ಕಿತು.

ಜಾಗತಿಕ ವ್ಯಾಪಾರದ ಕಾನೂನು ಇಲ್ಲಿ ಏನು ಮಾಡುತ್ತಿದೆ? ವಿಶ್ವ ವ್ಯಾಪಾರ ಸಂಸ್ಥೆಯ ಬೆನ್ನೆಲುಬು ಎರಡು ತತ್ವಗಳು. ಒಬ್ಬ ಪರದೇಶಿಗನಿಗೆ ಕೊಟ್ಟ ಸವಲತ್ತನ್ನು ಎಲ್ಲ ಸದಸ್ಯರಿಗೂ ಕೊಡಬೇಕು. ಹೊರಗಿನ ಸರಕು ಸುಂಕ ಕಟ್ಟಿ ಒಳಬಂದ ಮೇಲೆ ಅದನ್ನು ನಾಡಿನ ಸರಕಿನಂತೆಯೇ ನೋಡಬೇಕು. ನೀತಿಯ ಕಣ್ಣಿನಿಂದ ಇದು ಸಣ್ಣ ಸಾಧನೆಯಲ್ಲ, ಪರಕೀಯ ಸರಕನ್ನು ಮನೆಯವರ ಪಂಕ್ತಿಯಲ್ಲಿ ಕೂರಿಸಿದ ಕಾನೂನು ಇದು. ಆದರೆ ಪಂಕ್ತಿಯಲ್ಲಿ ಜಾಗ ಸಿಕ್ಕಿದ್ದು ಮಾರುವ ಪರದೇಶಿಗನಿಗೆ. ಕೊಳ್ಳುವ ಪರದೇಶಿಗನಿಗೆ ಅಲ್ಲಿ ಎಲೆ ಹಾಕಿಲ್ಲ.

ಸರ್ಕಾರವೇ ರಫ್ತಿಗೆ ತಡೆ ಹಾಕಿದರೆ ಆ ಸಂಸ್ಥೆಯ ಮೂಲ ಒಪ್ಪಂದವಾದ ಗ್ಯಾಟ್‌ನ 11ನೇ ವಿಧಿ ಎದ್ದು ನಿಲ್ಲುತ್ತದೆ. ಬಾಕ್ಸೈಟ್, ಕೋಕ್, ಮೆಗ್ನೀಸಿಯಂನಂಥ ಕಚ್ಚಾ ವಸ್ತುಗಳ ರಫ್ತಿಗೆ ಚೀನಾ ಹಾಕಿದ ಮಿತಿ ಮತ್ತು ಸುಂಕದ ವಿರುದ್ಧ ಅಮೆರಿಕ, ಯುರೋಪಿಯನ್ ಯೂನಿಯನ್, ಮೆಕ್ಸಿಕೊ ದೂರಿತ್ತವು, 2012ರ ಜನವರಿಯಲ್ಲಿ ಮೇಲ್ಮನವಿ ಮಂಡಳಿಯಲ್ಲೂ ಗೆದ್ದವು. ಅದೇ ಮಿತಿಯನ್ನು ನಾಲ್ಕು ಖಾಸಗಿ ಕಂಪನಿಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಹಾಕಿದರೆ? ವಿಶ್ವ ವ್ಯಾಪಾರ ಸಂಸ್ಥೆಯ ನೆಲೆಯಾದ ಜಿನೀವಾದಲ್ಲಿ ದೂರು ತೆಗೆದುಕೊಳ್ಳುವವರಿಲ್ಲ, ಏಕೆಂದರೆ ಆ ಕಾನೂನು ಸರ್ಕಾರಗಳನ್ನು ಮಾತ್ರ ಕಟ್ಟುತ್ತದೆ. ಖಾಸಗಿಯವರನ್ನು ಕಟ್ಟಬೇಕಾದ ರಾಷ್ಟ್ರೀಯ ಸ್ಪರ್ಧಾ ಕಾನೂನು ಗಡಿಯಲ್ಲಿ ಕಣ್ಣು ಮುಚ್ಚುತ್ತದೆ. ಎರಡು ಕಾನೂನುಗಳ ನಡುವೆ ಬಿಟ್ಟ ಈ ಓಣಿಯಲ್ಲಿ ರಫ್ತು ಕೂಟಗಳು ನೂರು ವರ್ಷದಿಂದ ನೆಮ್ಮದಿಯಾಗಿ ಓಡಾಡಿಕೊಂಡಿವೆ.

ಓಣಿ ಮುಚ್ಚುವ ಪ್ರಯತ್ನ ಆಗಲೇ ಇಲ್ಲವೆಂದಲ್ಲ. ಜಗತ್ತಿನ ವ್ಯಾಪಾರಕ್ಕೊಂದು ಸಂಸ್ಥೆ ಕಟ್ಟಲೆಂದು ಬರೆದ 1948ರ ಹವಾನಾ ಸನ್ನದಿನ ಐದನೇ ಅಧ್ಯಾಯ ಪೂರ್ತಿ ಇಂಥ ಕೂಟಗಳ ಬಗ್ಗೆಯೇ ಇತ್ತು. ಅಮೆರಿಕದ ಸಂಸತ್ತು ಒಪ್ಪುವ ಲಕ್ಷಣ ಕಾಣದೆ 1950ರಲ್ಲಿ ಟ್ರೂಮನ್ ಸರ್ಕಾರ ಆ ಸನ್ನದನ್ನೇ ಕೈಬಿಟ್ಟಿತು. ತಾತ್ಕಾಲಿಕವೆಂದು ಮಾಡಿಕೊಂಡಿದ್ದ ಗ್ಯಾಟ್ ಮಾತ್ರ ಉಳಿಯಿತು, ಅದರಲ್ಲಿ ಕೂಟಗಳ ಮಾತಿಲ್ಲ. 1996ರ ಸಿಂಗಪುರ ಸಮ್ಮೇಳನದಲ್ಲಿ ಸ್ಪರ್ಧಾ ನೀತಿ ಮತ್ತೆ ವಿಶ್ವ ವ್ಯಾಪಾರ ಸಂಸ್ಥೆಯ ಮೇಜಿಗೆ ಬಂತು. ಈ ಸಲ ಮುಂದೆ ನಿಂತು ವಿರೋಧಿಸಿದ ದೇಶಗಳಲ್ಲಿ ಭಾರತವೂ ಒಂದು. 2001ರಲ್ಲಿ ದೋಹಾದಲ್ಲಿ ನಮ್ಮ ವಾಣಿಜ್ಯ ಸಚಿವ ಮುರಸೊಳಿ ಮಾರನ್ ಹಠ ಹಿಡಿದರು, 2003ರಲ್ಲಿ ಕಾನ್‌ಕುನ್ ಸಮ್ಮೇಳನ ಮುರಿದುಬಿತ್ತು, 2004ರಲ್ಲಿ ವಿಷಯವೇ ಕೈಬಿಟ್ಟುಹೋಯಿತು. ಸ್ಪರ್ಧೆಯ ಹೆಸರಿನಲ್ಲಿ ದೊಡ್ಡ ದೇಶಗಳು ನಮ್ಮ ಮಾರುಕಟ್ಟೆಯ ಬಾಗಿಲು ಮುರಿಯುತ್ತವೆ ಎಂಬ ಭಯ ಆಧಾರವಿಲ್ಲದ್ದಲ್ಲ. ಕರ್ನಾಟಕಕ್ಕಂತೂ ಆ ಭಯ ಬಹಳ ಪರಿಚಿತ. 1990ರ ದಶಕದ ಆರಂಭದಲ್ಲಿ ಗ್ಯಾಟ್‌ನ ಮುಖ್ಯಸ್ಥ ಡಂಕೆಲ್‌ನ ಹೆಸರು ಹಳ್ಳಿಯ ಕಟ್ಟೆಗಳ ಮೇಲೆ ಬೈಗುಳವಾಗಿತ್ತು. 1992ರ ಡಿಸೆಂಬರ್‌ನಲ್ಲಿ ರೈತ ಸಂಘದವರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಬೀದಿಗೆ ತಂದರು. ಇಲ್ಲಿಗೆ ಬಂದು ಅಂಗಡಿ ಹಾಕುವ ಪರದೇಶಿ ಕಣ್ಣಿಗೆ ಬೀಳುತ್ತಾನೆ. ಎಂದೂ ಬಾರದೆ, ದೂರದಲ್ಲೇ ಕೂತು ಬೆಲೆ ಕಟ್ಟುವವನ ಕಚೇರಿಗೆ ನುಗ್ಗಲು ದಾರಿಯಿಲ್ಲ. ಜಿನೀವಾದಲ್ಲಿ ಸಿಗಬಹುದಾಗಿದ್ದ ದಾರಿಯನ್ನೂ ನಾವೇ ಮುಚ್ಚಿದೆವು.

ಕೂಟಗಳೆಲ್ಲ ಪಾಪದವು ಎಂದು ಇಲ್ಲಿಗೆ ತೀರ್ಪು ಬರೆಯುವಂತಿದ್ದರೆ ಎಷ್ಟು ಸಲೀಸಾಗಿತ್ತು! ಚಿಕ್ಕಮಗಳೂರು, ಕೊಡಗು, ಹಾಸನದ ಹಿರಿಯ ಬೆಳೆಗಾರರು ಅದಕ್ಕೆ ಒಪ್ಪಲಾರರು. 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಬೆಳೆಯುವ ದೇಶಗಳಿಗೆ ರಫ್ತಿನ ಕೋಟಾ ಹಂಚಿ ಬೆಲೆಯನ್ನು ಹಿಡಿದು ನಿಲ್ಲಿಸಿತ್ತು. ಹೆಸರು ಏನೇ ಇರಲಿ, ಮಾಡುತ್ತಿದ್ದದ್ದು ಕೂಟದ ಕೆಲಸವೇ. 1989ರ ಜುಲೈನಲ್ಲಿ ಕೋಟಾ ಮುರಿದುಬಿದ್ದಾಗ ಜಗತ್ತಿನ ಕಾಫಿ ಬೆಲೆ ಕೆಲವೇ ತಿಂಗಳಲ್ಲಿ ಅರ್ಧದ ಹತ್ತಿರಕ್ಕೆ ಇಳಿಯಿತು. ಹಾಗಾದರೆ ಪೊಟ್ಯಾಷ್ ಕೂಟ ಕೆಟ್ಟದ್ದು, ಕಾಫಿ ಕೂಟ ಒಳ್ಳೆಯದು ಎನ್ನುವುದೇ? ಕೊಳ್ಳುವಾಗ ಒಂದು ನೀತಿ, ಮಾರುವಾಗ ಇನ್ನೊಂದು ಎಂದಾದರೆ ಅದೇ ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ. ಆದರೆ ಎರಡರ ನಡುವೆ ನಿಜವಾದ ವ್ಯತ್ಯಾಸವೊಂದಿದೆ. ಕಾಫಿ ಒಪ್ಪಂದದಲ್ಲಿ ಕೊಳ್ಳುವ ದೇಶಗಳೂ ಸದಸ್ಯರಾಗಿದ್ದವು. ಮಾರುವವರಿಗೆ ಒಟ್ಟು ಸಾವಿರ ಮತ, ಕೊಳ್ಳುವವರಿಗೆ ಒಟ್ಟು ಸಾವಿರ ಮತ. ಅಮೆರಿಕ ತನ್ನ ಶೀತಲ ಸಮರದ ಲೆಕ್ಕಾಚಾರದಿಂದಲೇ ಸೇರಿತ್ತು ಎನ್ನಿ, ಹೆಚ್ಚು ಬೆಲೆ ಕೊಡಲು ಒಪ್ಪಿ ಸಹಿ ಹಾಕಿತ್ತು. ಪೊಟ್ಯಾಷ್ ಕೂಟ ಬೆಲೆ ಕಟ್ಟುವ ಕೋಣೆಗೆ ಭಾರತದ ರೈತನನ್ನು ಯಾರೂ ಕರೆದಿರಲಿಲ್ಲ.

ನೋವು ತಿನ್ನುವವನಿಗೆ ಮಾತಾಡಲು ಜಾಗವಿದೆಯೇ ಎಂಬ ಈ ಪರೀಕ್ಷೆ, ಬೆಲೆ ಹೆಚ್ಚೋ ಕಡಿಮೆಯೋ ಎಂಬ ಪರೀಕ್ಷೆಗಿಂತ ಗಟ್ಟಿಯಾದದ್ದು. ಆಡಂ ಸ್ಮಿತ್ 1759ರಲ್ಲಿ ಮೊದಲು ಅಚ್ಚಾದ ತನ್ನ ನೀತಿಯ ಗ್ರಂಥದಲ್ಲಿ ಇದರ ಹತ್ತಿರ ಬಂದಿದ್ದ. ಚೀನಾ ದೇಶವೇ ಭೂಕಂಪದಲ್ಲಿ ಮುಳುಗಿದರೂ ಯುರೋಪಿನ ಸಜ್ಜನನೊಬ್ಬ ರಾತ್ರಿ ಗೊರಕೆ ಹೊಡೆಯುತ್ತಾನೆ, ನಾಳೆ ತನ್ನ ಕಿರುಬೆರಳು ಹೋಗುತ್ತದೆಂದರೆ ನಿದ್ದೆ ಬಾರದು. ಹಾಗಿದ್ದೂ ಬೆರಳು ಉಳಿಸಿಕೊಳ್ಳಲು ಆ ಕೋಟ್ಯಂತರ ಜನರನ್ನು ಬಲಿ ಕೊಡುತ್ತೀಯಾ ಎಂದರೆ ಅವನು ಹೌಹಾರುತ್ತಾನೆ. ಪ್ರೀತಿ ದೂರ ಹೋಗುವುದಿಲ್ಲ, ನ್ಯಾಯಬುದ್ಧಿ ಹೋಗುತ್ತದೆ ಎಂಬುದು ಸ್ಮಿತ್‌ನ ಕಾಣ್ಕೆ. ಹದಿನೇಳು ವರ್ಷಗಳ ನಂತರದ ತನ್ನ ಇನ್ನೊಂದು ಗ್ರಂಥದಲ್ಲಿ, ಒಂದೇ ಕಸುಬಿನವರು ವಿನೋದಕ್ಕೆಂದು ಸೇರಿದರೂ ಮಾತು ಬೆಲೆ ಏರಿಸುವ ಸಂಚಿಗೇ ಹೋಗಿ ಮುಟ್ಟುತ್ತದೆಂದು ಅವನೇ ಬರೆದ.  

ಯಾರೂ ಯಾರನ್ನೂ ಕಾಯಬೇಕಿಲ್ಲ, ಕೊಳ್ಳುವ ದೇಶ ತನ್ನ ಜನರನ್ನು ತಾನೇ ಕಾಯಲಿ ಎಂಬ ವಾದವೂ ಇದೆ. ಭಾರತ ಅದನ್ನು ಪ್ರಯತ್ನಿಸಿ ನೋಡಿದೆ. ಅಮೆರಿಕದ ಸೋಡಾ ಆಶ್ ತಯಾರಕರು ವೆಬ್–ಪೊಮರೀನ್ ಕಾಯ್ದೆಯಡಿ 1980ರ ದಶಕದಲ್ಲಿ ಆನ್ಸ್ಯಾಕ್ ಎಂಬ ಕೂಟ ಕಟ್ಟಿದ್ದರು. ಗಾಜಿಗೂ ಡಿಟರ್ಜೆಂಟಿಗೂ ಬೇಕಾದ ಸರಕು ಅದು. 1996ರಲ್ಲಿ ಭಾರತದ ತಯಾರಕರ ಸಂಘ ದೂರು ಕೊಟ್ಟಿತು, ಏಕಸ್ವಾಮ್ಯ ತಡೆಯಲೆಂದಿದ್ದ ಎಂಆರ್‌ಟಿಪಿ ಆಯೋಗ ಸೆಪ್ಟೆಂಬರಿನಲ್ಲಿ ಆನ್ಸ್ಯಾಕ್‌ಗೆ ತಡೆ ಹಾಕಿತು. ದೂರಿನ ತಿರುಳು ಬೆಲೆ ಹೆಚ್ಚೆಂದಲ್ಲ, ನಮ್ಮ ಕಾರ್ಖಾನೆಗಳನ್ನು ಮುಚ್ಚಿಸುವಷ್ಟು ಕಡಿಮೆಗೆ ಮಾರಲು ಬರುತ್ತಿದ್ದಾರೆ ಎಂದು. ಗಾಜಿನ ಕಾರ್ಖಾನೆಯವರಿಗೆ ಅಗ್ಗದ ಸೋಡಾ ಬೇಕು, ಸೋಡಾ ಕಾರ್ಖಾನೆಯವರಿಗೆ ಬೇಡ. ಇಬ್ಬರೂ ನಮ್ಮವರೇ. 2002ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆಯೋಗದ ಆದೇಶವನ್ನು ರದ್ದು ಮಾಡಿತು. ಹೊರದೇಶದಲ್ಲಿ ಆದ ಒಪ್ಪಂದದ ಮೇಲೆ ಕೈ ಹಾಕಿ ಆಮದು ನಿಲ್ಲಿಸುವ ಅಧಿಕಾರ ಆಯೋಗಕ್ಕಿಲ್ಲ, ಅಗ್ಗದ ಆಮದು ನಮ್ಮ ಉದ್ಯಮಕ್ಕೆ ಪೆಟ್ಟು ಕೊಟ್ಟರೆ ಅದಕ್ಕೆ ಡಂಪಿಂಗ್ ತಡೆಯ ಕಾನೂನು ಇದೆ ಎಂದಿತು. ದಕ್ಷಿಣ ಆಫ್ರಿಕಾ ಇದೇ ಆನ್ಸ್ಯಾಕ್ ಮೇಲೆ ಹತ್ತಿರಹತ್ತಿರ ಒಂದು ದಶಕ ಪಟ್ಟು ಬಿಡದೆ ಹೋರಾಡಿ, 2008ರಲ್ಲಿ ಅದರಿಂದ 97 ಲಕ್ಷ ರ್‍ಯಾಂಡ್ ದಂಡ ವಸೂಲಿ ಮಾಡಿ ಕೂಟವನ್ನು ತನ್ನ ನೆಲದಿಂದ ಹೊರಗಟ್ಟಿತು.

ಅದೇ 2008ರಲ್ಲಿ ಭಾರತದ ದೊಡ್ಡ ಸೋಡಾ ಆಶ್ ತಯಾರಕ ಟಾಟಾ ಕೆಮಿಕಲ್ಸ್ ಅಮೆರಿಕದ ಜನರಲ್ ಕೆಮಿಕಲ್ ಕಂಪನಿಯ ಸೋಡಾ ಉದ್ಯಮವನ್ನು ಸುಮಾರು ನೂರು ಕೋಟಿ ಡಾಲರ್ ಕೊಟ್ಟು ಕೊಂಡಿತು. ಆ ಕಂಪನಿ ಆಗ ಆನ್ಸ್ಯಾಕ್‌ನ ಸದಸ್ಯವಾಗಿತ್ತು. ಹೀಗೆ ಕೂಟದ ಬಾಗಿಲಿನ ಹೊರಗಿದ್ದವರು ಒಳಗಿನವರಾದರು. ಇದರಲ್ಲಿ ಕಾನೂನಿಗೆ ವಿರುದ್ಧವಾದದ್ದು ಏನೂ ಇಲ್ಲ. ಸಮಾಜಶಾಸ್ತ್ರಜ್ಞ ಬೆಂಜಮಿನ್ ನೆಲ್ಸನ್ 1949ರಲ್ಲಿ ಬಡ್ಡಿಯ ಇತಿಹಾಸ ಬರೆಯುತ್ತ ಕಂಡದ್ದೂ ಇಂಥದ್ದನ್ನೇ. ಸೋದರ–ಪರಕೀಯ ಎಂಬ ಭೇದ ಯುರೋಪಿನಲ್ಲಿ ಕೊನೆಗೆ ಅಳಿದದ್ದು ಪರಕೀಯನನ್ನು ಸೋದರನಂತೆ ಕಂಡದ್ದರಿಂದಲ್ಲ, ಸೋದರನನ್ನೂ ಪರಕೀಯನಂತೆ ಕಾಣತೊಡಗಿದ್ದರಿಂದ.

ಎಂಆರ್‌ಟಿಪಿ ಕಾಯ್ದೆಯ ಜಾಗಕ್ಕೆ ಬಂದ 2002ರ ಸ್ಪರ್ಧಾ ಕಾಯ್ದೆ ಆನ್ಸ್ಯಾಕ್ ಪಾಠವನ್ನು ಅರ್ಧ ಕಲಿತಿದೆ. ಅದರ 32ನೇ ಕಲಂ ಪ್ರಕಾರ ಒಪ್ಪಂದ ಎಲ್ಲಿಯೇ ಆಗಿರಲಿ, ಅದರ ಪರಿಣಾಮ ಭಾರತದ ಮಾರುಕಟ್ಟೆಯ ಮೇಲೆ ಬಿದ್ದರೆ ಸ್ಪರ್ಧಾ ಆಯೋಗ ವಿಚಾರಣೆ ಮಾಡಬಹುದು. ಕಾಗದಪತ್ರ ಸಸ್ಕಾಚೆವಾನಿನಲ್ಲಿ, ಸಾಕ್ಷಿದಾರರು ಮಾಸ್ಕೋದಲ್ಲಿ ಇರುವಾಗ ಆ ಅಧಿಕಾರ ಎಷ್ಟು ದೂರ ಓಡೀತು ಎಂಬುದು ಬೇರೆ ಮಾತು. ಭಾರತಕ್ಕೇ ಕಷ್ಟವಾದದ್ದು ಮಲಾವಿಗೆ, ನೇಪಾಳಕ್ಕೆ ಹೇಗೆ ಸಾಧ್ಯ? ಕಲಿಯದೆ ಬಿಟ್ಟ ಇನ್ನರ್ಧ 3ನೇ ಕಲಮಿನ ಐದನೇ ಉಪಕಲಮಿನಲ್ಲಿದೆ. ರಫ್ತಿಗೆ ಮಾತ್ರ ಸಂಬಂಧಿಸಿದ ಒಪ್ಪಂದಗಳಿಗೆ ಕೂಟ ನಿಷೇಧದ ನಿಯಮ ಅನ್ವಯಿಸದು ಎಂದು ಅದು ಹೇಳುತ್ತದೆ. ನಮ್ಮನ್ನು ಸುಲಿಯುವವರ ಮೇಲೆ 32ನೇ ಕಲಂ, ನಾವು ಸುಲಿಯಲು 3ನೇ ಕಲಂ. ಎರಡೂ ಒಂದೇ ಪುಸ್ತಕದಲ್ಲಿ, ಒಂದೇ ಸಂಸತ್ತಿನ ಒಪ್ಪಿಗೆಯಲ್ಲಿ.

ಜರ್ಮನಿ ತನ್ನ ಕಾಯ್ದೆಯಲ್ಲಿದ್ದ ಇಂಥ ವಿನಾಯಿತಿಯನ್ನು 1990ರ ದಶಕದ ಕೊನೆಯಲ್ಲಿ ತೆಗೆದುಹಾಕಿತು, ಅದರ ರಫ್ತೇನೂ ಮುಳುಗಲಿಲ್ಲ. ಭಾರತಕ್ಕೂ ಆ ಉಪಕಲಮನ್ನು ತೆಗೆಯಲು ಯಾವ ದೇಶದ ಅನುಮತಿಯೂ ಬೇಕಿಲ್ಲ. ಕ್ಯಾನ್‌ಪೊಟೆಕ್ಸಿನ ವಿರುದ್ಧ, ಅದರಂಥ ಕೂಟಗಳ ವಿರುದ್ಧ ಜಿನೀವಾದಲ್ಲಿ ಬಾಯಿ ತೆರೆಯುವ ಮೊದಲು ಅದನ್ನು ಮಾಡಬೇಕು, ಮಾಡಿದ ಮೇಲೆ ಬಾಯಿ ತೆರೆಯಲೂ ಬೇಕು. 2023ರಲ್ಲಿ ಸಂಸತ್ತು ಸ್ಪರ್ಧಾ ಕಾಯ್ದೆಗೆ ದೊಡ್ಡ ತಿದ್ದುಪಡಿ ತಂದಿತು. ದಂಡದ ಲೆಕ್ಕ ಬದಲಾಯಿತು, ಕಂಪನಿಗಳ ವಿಲೀನದ ನಿಯಮ ಬದಲಾಯಿತು. ರಫ್ತು ಕೂಟದ ವಿನಾಯಿತಿ ಇದ್ದಲ್ಲೇ ಇದೆ.